ಕುಮಿಹಿಮೊ ಕಲಿಕೆಯ ಫೋಮ್ ಡಿಸ್ಕ್ ಕಿಟ್: ಡಿಸ್ಕ್ ಸರಿ, ಸೂಚನೆಯ ಹಾಳೆ ಮಾತ್ರ ದಾರಿ ತಪ್ಪಿಸುತ್ತದೆ

ಕುಮಿಹಿಮೊ ಜಪಾನಿನ ಹಳೆಯ ಹುರಿ ಹೆಣೆಯುವ ವಿದ್ಯೆ. ಸಮುರಾಯ್ ಕವಚದ ತಗಡುಗಳನ್ನು ಒಂದಕ್ಕೊಂದು ಬಿಗಿಯುತ್ತಿದ್ದದ್ದು ಈ ಹುರಿಯೇ. 1876ರಲ್ಲಿ ಕತ್ತಿ ಧರಿಸುವುದಕ್ಕೆ ನಿಷೇಧ ಬಂದ ಮೇಲೆ ಅದು ಹೆಚ್ಚಾಗಿ ಕಿಮೋನೊದ ನಡುಪಟ್ಟಿಯ ಮೇಲೆ ಕಟ್ಟುವ ಒಬಿಜಿಮೆಯಾಗಿ ಉಳಿಯಿತು. ಅಸಲು ಸಾಧನ ಮರುದಾಯ್ ಎಂಬ ಮರದ ದುಂಡು ಪೀಠ. ಅದರ ಬದಲಿಗೆ ಹೊಸಬರ ಕೈಗೆ ಬರುವುದು ಈ ಕಿಟ್: 32 ಕಚ್ಚುಗಳ ಫೋಮ್ ಡಿಸ್ಕ್, 8 ಬಾಬಿನ್, ಸ್ಯಾಟಿನ್ ದಾರ, ಒಂದು ಹಾಳೆ ಸೂಚನೆ.

ಮೊದಲು ಡಿಸ್ಕನ್ನು ಬಗ್ಗಿಸಿ ನೋಡಿ. ಸುಮಾರು 1 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಆದರೆ ಕಚ್ಚು ದಾರವನ್ನು ಬಿಡುವುದಿಲ್ಲ. ತೆಳುವಾದದ್ದು ಬೇಗ ಬಾಯಿ ಬಿಡುತ್ತದೆ. ಆಮೇಲೆ ಹುರಿ ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಸಡಿಲ.

ಇನ್ನು ಆ ಹಾಳೆ. 8 ಎಳೆಯ ದುಂಡು ಹುರಿಗೆ, ಅಂದರೆ ಕೊಂಗೊ ಗುಮಿಗೆ, ಡಿಸ್ಕಿನ ಮೇಲಿರುವ ನಾಲ್ಕು ಚುಕ್ಕೆಗಳ ಎರಡೂ ಬದಿಯ ಕಚ್ಚುಗಳಲ್ಲಿ ಒಂದೊಂದು ಎಳೆ ಕೂರಬೇಕು; ಕಚ್ಚುಗಳ ಅಂಕಿ ಪ್ರಕಾರ 32-1, 8-9, 16-17, 24-25. ಇಲ್ಲಿಯವರೆಗೆ ಸರಿ. ಆಮೇಲೆ ‘1ರದ್ದು 15ಕ್ಕೆ, 17ರದ್ದು 31ಕ್ಕೆ’ ಎಂದು ಬರೆದಿದ್ದಾರೆ. ಈ ಲೆಕ್ಕ ನಡೆಯುವುದು ಮೊದಲ ಸುತ್ತಿಗೆ ಮಾತ್ರ. ಪ್ರತಿ ಸುತ್ತಿಗೂ ಜೋಡಿಗಳು ಒಂದೊಂದು ಕಚ್ಚು ಹಿಂದೆ ಸರಿಯುವುದರಿಂದ ಎರಡನೇ ಸುತ್ತಿನಲ್ಲಿ ನಡೆ 32ರಿಂದ 14ಕ್ಕೆ, 16ರಿಂದ 30ಕ್ಕೆ. ಅಂಕಿ ನಂಬಿದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅಂಕಿ ಮರೆತುಬಿಡಿ. ಮೇಲಿನ ಜೋಡಿಯ ಬಲ ಎಳೆ ಕೆಳಗಿನ ಜೋಡಿಯ ಬಲಕ್ಕೆ, ಕೆಳಗಿನ ಎಡ ಎಳೆ ಮೇಲಿನ ಎಡಕ್ಕೆ, ಡಿಸ್ಕ್ ಕಾಲು ಸುತ್ತು. ಇಷ್ಟೇ.

ತಿರುಗಿಸಲು ಮರೆತು ಅದೇ ಜೋಡಿಯನ್ನು ಮತ್ತೆ ನಡೆಸಿದರೆ ಹುರಿಯ ಮೈ ಕೆಡುತ್ತದೆ. ಆದ್ದರಿಂದ ಕೆಲಸ ನಿಲ್ಲಿಸುವಾಗ ಮೇಲಿನ ಎಳೆಯನ್ನಷ್ಟೇ ಕೆಳಗಿಳಿಸಿ, ಕೆಳಗೆ ಮೂರು ಎಳೆ ಇರುವಂತೆ ಬಿಡಿ. ಮರಳಿ ಬಂದಾಗ ಮೂರಿರುವ ಕಡೆಯಿಂದಲೇ ಶುರು. ಜೋಡಿಯಲ್ಲೇ ನಿಲ್ಲಿಸಿಬಿಟ್ಟಿದ್ದರೆ ನಡುವಿನ ತೂತಿನಲ್ಲಿ ನೋಡಿ: ಎಲ್ಲಕ್ಕಿಂತ ಮೇಲೆ ಮಲಗಿರುವ ಎರಡು ಎಳೆಗಳೇ ಕೊನೆಗೆ ನಡೆದವು.

ದಾರದ ಅಳತೆ ಹಾಳೆಯಲ್ಲಿ ಇಲ್ಲವೇ ಇಲ್ಲ. ಬೇಕಾದ ಉದ್ದದ ಸುಮಾರು ಮೂರು ಪಟ್ಟು ಇಟ್ಟುಕೊಳ್ಳಿ. 20 ಸೆಂ.ಮೀ. ಹುರಿಗೆ 120 ಸೆಂ.ಮೀ.ನ ನಾಲ್ಕು ದಾರ ಕತ್ತರಿಸಿ ನಡುವೆ ಮಡಚಿದರೆ ಎಂಟು ಎಳೆಯಾಯಿತು.

ಕಿಟ್ಟಿನಲ್ಲಿ ಭಾರದ ಗುಂಡು ಕೊಟ್ಟಿಲ್ಲ, ಇದು ನಿಜವಾದ ಕೊರತೆ. ಭಾರವಿಲ್ಲದಿದ್ದರೆ ಹೆಣೆಯುವ ಜಾಗ ತೂತಿನಿಂದ ಮೇಲೆದ್ದು ಬರುತ್ತದೆ, ಒಂದೊಂದು ಹೆಣಿಗೆ ಒಂದೊಂದು ಅಳತೆ. ಹುರಿಯ ತುದಿಗೆ 50 ಗ್ರಾಂ ಆಸುಪಾಸಿನ ಏನನ್ನಾದರೂ ಕಟ್ಟಿ. ಮರುದಾಯ್‌ನಲ್ಲಿ ಭಾರವೇ ಹುರಿಯ ಗುಣ ನಿರ್ಧರಿಸುತ್ತದೆ: ಎಳೆಗಳನ್ನು ಸುತ್ತಿಡುವ 70 ಗ್ರಾಂನ ಎಂಟು ತಾಮಾ ಉರುಳೆಗಳಿಗೆ, ಹುರಿಯ ತುದಿಗೆ ಕಟ್ಟುವ ಎದುರು ಭಾರ ಅವುಗಳ ಒಟ್ಟು ತೂಕದ ಸುಮಾರು ಅರ್ಧ, 280 ಗ್ರಾಂ. ಈ ಎದುರು ಭಾರ ಕಡಿಮೆ ಮಾಡಿದರೆ ಹುರಿ ಗಟ್ಟಿ, ಹೆಚ್ಚಿಸಿದರೆ ಮೆದು. ಡಿಸ್ಕಿನಲ್ಲಿ ಎಳೆಯನ್ನು ಹಿಡಿಯುವುದು ಫೋಮ್ ಆದ್ದರಿಂದ ಈ ಆಟಕ್ಕೆ ಅಷ್ಟು ಅವಕಾಶವಿಲ್ಲ.

ಚಪ್ಪಟೆ ಹುರಿ ಹೆಣೆಯಬೇಕೆಂದಿದ್ದರೆ ಈ ಕಿಟ್ ಬೇಡ, ಚೌಕದ ಪ್ಲೇಟೇ ತೆಗೆದುಕೊಳ್ಳಿ.