ಹದಿನಾಲ್ಕು ತಿಂಗಳು ಮಂಡಿ ಮಾತ್ರೆ ತಿಂದೆ: ಗಾದಿ ಮೇಲೆ ಕೂತು ಸೀರೆ ತೋರಿಸುವವನ ಅನುಭವ

ದಾವಣಗೆರೆ ಚೌಕಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ನನಗೆ ಇದು 31ನೇ ವರ್ಷ. ನಮ್ಮದು ಹಳೇ ಪದ್ಧತಿಯ ಅಂಗಡಿ. ಬಿಳಿ ಗಾದಿ ಹಾಸಿರುತ್ತದೆ. ಗಿರಾಕಿಗಳು ಅದರ ಮೇಲೆ ಕೂರುತ್ತಾರೆ, ನಾವು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಬಿಚ್ಚಿ ತೋರಿಸುತ್ತೇವೆ. ಜಗಳೂರು, ಹರಪನಹಳ್ಳಿ, ಹೊನ್ನಾಳಿ ಕಡೆಯಿಂದ ಮದುವೆ ಜವಳಿಗೆ ಬಂದರೆ ಒಂದೊಂದು ಮನೆಯಿಂದ ಹತ್ತು ಹನ್ನೆರಡು ಜನ. ಅರ್ಧ ದಿನವೇ ಬೇಕು. "ಆ ಮ್ಯಾಲಿನ್ ಕಪಾಟಿಂದು ತೋರ್ಸ್ರಿ" ಅಂದಾಗೆಲ್ಲ ಎದ್ದು, ತಂದು, ಮತ್ತೆ ಕೂರಬೇಕು. ಒಂದು ಜವಳಿಗೆ ಎಷ್ಟು ಸಲ ಎದ್ದು ಕೂತೆ ಅಂತ ಒಮ್ಮೆ ಎಣಿಸಿದೆ. 46 ಸಲ.

55 ದಾಟಿದ ಮೇಲೆ ಬಲ ಮಂಡಿ ಹಿಡಿಯತೊಡಗಿತು. ಬೆಳಿಗ್ಗೆ ಎದ್ದ ಕೂಡಲೇ ಬಿಗಿ, ಹತ್ತು ಹದಿನೈದು ನಿಮಿಷ ಓಡಾಡಿದರೆ ಸಡಿಲ. ಸಂಜೆ ಹೊತ್ತಿಗೆ ಮತ್ತೆ ಊತ. ಆ ವರ್ಷದ ಬೇಸಿಗೆ ಜವಳಿಯಲ್ಲಂತೂ ಕಪಾಟಿನ ಅಂಚು ಹಿಡಿಯದೆ ಏಳಲು ಆಗುತ್ತಲೇ ಇರಲಿಲ್ಲ. ಒಂದು ದಿನ ಏಳುವಾಗ ನೋವಿಗೆ "ಅವ್ವಾ" ಅಂದುಬಿಟ್ಟೆ. ಮದುಮಗಳು ಸೀರೆ ನೋಡುವುದು ಬಿಟ್ಟು ನನ್ನನ್ನೇ ನೋಡಿದಳು. ಮಾರನೇ ದಿನ ಮೂಳೆ ಡಾಕ್ಟರ ಹತ್ತಿರ ಹೋದೆ.

ಎಕ್ಸ್‌ರೇ ನೋಡಿ ಡಾಕ್ಟರು, ಸವೆತ ಶುರುವಾಗಿದೆ ಅಂದರು. ಆರ್ಥ್ರೈಟಿಸ್, ಅಂದರೆ ಕೀಲುಬೇನೆಯಲ್ಲಿ ಬೇರೆ ಬೇರೆ ಬಗೆ ಇವೆ, ನನ್ನದು ಆಸ್ಟಿಯೋ, ಅಂದರೆ ಕೀಲು ಸವೆಯುವ ಬಗೆ. ಚೀಟಿಯಲ್ಲಿ ನಾಲ್ಕು ಸಾಲು ಬರೆದರು. ತೂಕ ಇಳಿಸಿ. ತೊಡೆಗೆ ವ್ಯಾಯಾಮ. ನೋವಿಗೆ ಹಚ್ಚಲು ಡೈಕ್ಲೊಫಿನಾಕ್ ಜೆಲ್. ನಾಲ್ಕನೆಯದು ಕೀಲಿಗೆ ಅಂತ ಮಾರುವ ಗ್ಲೂಕೋಸಮಿನ್-ಕಾಂಡ್ರಾಯ್ಟಿನ್ ಮಾತ್ರೆ, ಅದರ ಪಕ್ಕದಲ್ಲಿ "ಬೇಕಾದರೆ, 3 ತಿಂಗಳು ನೋಡಿ" ಅಂತ. ನಾನು ಆ ನಾಲ್ಕನೇ ಸಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ತಿಂಗಳು ಅಂದಿದ್ದು 14 ತಿಂಗಳಾಯಿತು.

ಹತ್ತು ಮಾತ್ರೆಯ ಸ್ಟ್ರಿಪ್‌ಗೆ 240 ರೂಪಾಯಿ. ದಿನಕ್ಕೆ ಎರಡು. ತಿಂಗಳಿಗೆ 1,440. ನಮ್ಮ ಮನೆಯ ಗ್ಯಾಸು, ಕರೆಂಟು ಎರಡೂ ಸೇರಿದರೂ ಅಷ್ಟಾಗುವುದಿಲ್ಲ. ಪೂರ್ತಿ ಡಬ್ಬಿ ತಗೊಳ್ಳಲು ಕೈ ಸಾಲದೆ ಸಂಬಳದ ಮುಂಗಡ ಸಿಕ್ಕಾಗ ಎರಡೆರಡು ಸ್ಟ್ರಿಪ್ ಬಿಡಿಯಾಗಿ ತರುತ್ತಿದ್ದೆ. ಈ ಬಿಡಿ ಸ್ಟ್ರಿಪ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮಾತ್ರೆ ಮರೆಯಬಾರದು ಅಂತ ಅದಕ್ಕೊಂದು ಜಾಗ ಮಾಡಿದ್ದೆ. ನಮ್ಮ ಮನೆಯಲ್ಲಿ ಪೂಜೆಗೆ ಗೋಡೆಯಲ್ಲೇ ಒಂದು ಗೂಡಿದೆ. ಅಪ್ಪನ ಕಾಲದ್ದು. ಬೆಳಿಗ್ಗೆ ಐದೂವರೆಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗ ಅಂಗೈಲಿಟ್ಟು ಕೂರುತ್ತೇನೆ. ಪೂಜೆಯಾದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಆಮೇಲೆಯೇ ಬಾಯಿಗೆ ನೀರು. ಆ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಸ್ಟ್ರಿಪ್ ಇಡುತ್ತಿದ್ದೆ. ಹೆಂಡತಿ ಮಂಡಕ್ಕಿ ಒಗ್ಗರಣೆಯೋ ಉಪ್ಪಿಟ್ಟೋ ತಂದಿಡುತ್ತಾಳೆ. ಎರಡು ತುತ್ತು ತಿಂದು, ಕೈಚಾಚಿ ಮಾತ್ರೆ ತೆಗೆದು, ಹಿತ್ತಾಳೆ ಲೋಟದ ಬಿಸಿನೀರಲ್ಲಿ ನುಂಗಿದರೆ ಆಯಿತು. ಮಾತ್ರೆ ದಪ್ಪ, ಗಂಟಲಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಆಗೊಮ್ಮೆ ಈಗೊಮ್ಮೆ ಎದೆ ಉರಿ ಬಿಟ್ಟರೆ ಬೇರೆ ತೊಂದರೆ ಆಗಲಿಲ್ಲ. ಖುಷಿಯಾಗಿಯೇ ನುಂಗುತ್ತಿದ್ದೆ.

ಖುಷಿ ಯಾಕೆ ಅಂದರೆ ನೋವು ಕಡಿಮೆ ಆಗಿತ್ತು. ಮೂರನೇ ತಿಂಗಳಿಗೆ ಕಪಾಟು ಹಿಡಿಯದೆ ಎದ್ದೆ. ಬೆಳಗಿನ ಬಿಗಿ ಐದು ನಿಮಿಷಕ್ಕೆ ಇಳಿಯಿತು. ಅಂಗಡಿಯ ನಾಲ್ಕು ಜನಕ್ಕೆ, ಓಣಿಯ ಇಬ್ಬರಿಗೆ ನಾನೇ ಮಾತ್ರೆಯ ಹೆಸರು ಬರೆದುಕೊಟ್ಟೆ. ಆಗ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಶ್ರಾವಣದಲ್ಲಿ ಒಂದು ದಿನ ಮಗಳನ್ನು ಮೆಡಿಕಲ್‌ಗೆ ಕಳಿಸಿದೆ. ಅವಳು ಡಿ ಫಾರ್ಮಾ ಓದುತ್ತಿದ್ದಾಳೆ. ಹುಡುಗ ಡಬ್ಬಿಯಿಂದ ಸ್ಟ್ರಿಪ್ ತೆಗೆಯುವಾಗ ಇವಳಿಗೆ ಡಬ್ಬಿಯ ಮೇಲೆ ಚೌಕದೊಳಗೆ ಕಂದು ತ್ರಿಕೋನ, ಅಂದರೆ ಮಾಂಸಾಹಾರದ ಗುರುತು, ಕಂಡಿದೆ. ಇಸಿದುಕೊಂಡು ಓದಿದ್ದಾಳೆ. ಸಣ್ಣ ಅಕ್ಷರದಲ್ಲಿ, ಇದರಲ್ಲಿ ಶೆಲ್‌ಫಿಶ್‌ನಿಂದ ತಯಾರಿಸಿದ ವಸ್ತು ಇದೆ, ಅಲರ್ಜಿ ಇರುವವರು ಜೋಕೆ ಅಂತ ಇತ್ತಂತೆ. ಖಾಲಿ ಡಬ್ಬಿಯೊಂದನ್ನು ಕೇಳಿ ಮನೆಗೆ ತಂದಳು. "ಅಪ್ಪಾಜಿ, ಇದು ಸಿಗಡಿ ಏಡಿ ಚಿಪ್ಪಿಂದ ಮಾಡಿದ್ದು" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಮೀನು, ಸಿಗಡಿ ತಿನ್ನುವವರ ಬಗ್ಗೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಅವರ ಊಟ ಅವರದು. ಆದರೆ ನಮ್ಮದು ಲಿಂಗಕ್ಕೆ ತೋರಿಸದೆ ಏನನ್ನೂ ಬಾಯಿಗೆ ಹಾಕದ ಮನೆ. ಆ ಗೂಡಿನಲ್ಲಿ, ವಿಭೂತಿ ಪಕ್ಕದಲ್ಲಿ, 14 ತಿಂಗಳು ಅದನ್ನು ನಾನೇ ಕೈಯಾರೆ ಇಟ್ಟಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಗೂಡು ತೊಳೆದೆ. ಹೆಂಡತಿ ಏನೂ ಕೇಳದೆ ಬಕೆಟ್ಟಿನಲ್ಲಿ ನೀರು ತಂದುಕೊಟ್ಟಳು.

ಮೆಡಿಕಲ್‌ಗೆ ಹೋಗಿ ಕೇಳಿದೆ. "ನೀವು ಕೇಳ್ಲಿಲ್ಲ, ನಾವ್ ಹೇಳ್ಲಿಲ್ಲ" ಅಂದರು. ಹೇಗೆ ಕೇಳೋದು? ಮಾತ್ರೆಯಲ್ಲಿ ಸಿಗಡಿ ಇರುತ್ತದೆ ಅಂತ ಯಾರ ಕನಸಲ್ಲಾದರೂ ಬರುತ್ತಾ? ಗುರುತು ಇರುವುದು ಡಬ್ಬಿಯ ಮೇಲೆ, ನಾನು ತರುತ್ತಿದ್ದದ್ದು ಬಿಡಿ ಸ್ಟ್ರಿಪ್. ಡಬ್ಬಿ ಅಂಗಡಿಯಲ್ಲೇ ಉಳಿಯುತ್ತದೆ. ಪೂರ್ತಿ ಡಬ್ಬಿ ಕೊಳ್ಳಲು ದುಡ್ಡಿದ್ದವನಿಗೆ ಗೊತ್ತಾಗುತ್ತದೆ, ಇಪ್ಪತ್ತಿಪ್ಪತ್ತು ಮಾತ್ರೆ ತರುವವನಿಗೆ ಗೊತ್ತಾಗುವುದಿಲ್ಲ. ಇದು ನನಗೆ ಈಗಲೂ ನುಂಗಲಾಗದ ಮಾತು.

ಮಗಳು ಬಿಡಿಸಿ ಹೇಳಿದಳು. ಗ್ಲೂಕೋಸಮಿನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಕಾಂಡ್ರಾಯ್ಟಿನ್ ದನ, ಹಂದಿ, ಕೋಳಿ ಇಲ್ಲವೇ ಶಾರ್ಕ್ ಮೀನಿನ ಮೆತ್ತನೆ ಎಲುಬಿನಿಂದ. ಈಗ ಜಾಸ್ತಿ ಓಡುತ್ತಿರುವ ಕೊಲಾಜನ್ ಪುಡಿಯೂ ಪ್ರಾಣಿ, ಮೀನುಗಳ ಚರ್ಮ, ಎಲುಬಿನದ್ದೇ. ಕ್ಯಾಪ್ಸೂಲ್ ಆದರೆ ಹೊರಗಿನ ಕವಚ ಹೆಚ್ಚಾಗಿ ಜೆಲಟಿನ್, ಅದೂ ಅಷ್ಟೇ. ಮೆಕ್ಕೆಜೋಳ ಬಳಸಿ ಹುದುಗಿಸಿ ತೆಗೆದ ಸಸ್ಯಾಹಾರಿ ಗ್ಲೂಕೋಸಮಿನ್ ಕೂಡ ಇದೆ. ಬೇಕಾದವರು ಡಬ್ಬಿಯ ಮೇಲೆ ಹಸಿರು ಚುಕ್ಕೆ ಹುಡುಕಬೇಕು. ಮೆಕ್ಕೆಜೋಳದ ರಾಶಿ ರಾಶಿ ಬರುವ ಊರಲ್ಲಿದ್ದು ನಾನು ಸಿಗಡಿದ್ದನ್ನು ತಿಂದೆನಲ್ಲ ಅಂತ ಹೊಟ್ಟೆ ಉರಿಯಿತು.

ಡಬ್ಬಿಯಲ್ಲಿ ಇನ್ನೊಂದು ಸಾಲಿತ್ತು. ಇದು ಆರೋಗ್ಯ ಪೂರಕ, ಔಷಧವಾಗಿ ಬಳಸಲು ಅಲ್ಲ. ಅಂದರೆ ಇದಕ್ಕೆ ಇರುವುದು ಆಹಾರದ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಲೈಸೆನ್ಸು. ಕೌಂಟರಿನ ಮೇಲೆ ಬಿಪಿ ಮಾತ್ರೆ, ಶುಗರ್ ಮಾತ್ರೆ ಪಕ್ಕವೇ ಇಟ್ಟು ಕೊಟ್ಟಾಗ ನಾನದನ್ನು ಔಷಧ ಅಂತಲೇ ನಂಬಿದ್ದೆ.

ಅವತ್ತೇ ನಿಲ್ಲಿಸಿದೆ. ಸಿಟ್ಟಿಗೆ ನಿಲ್ಲಿಸಿದ್ದು ನಿಜ, ಆದರೆ ಒಳಗೆ ಭಯವಿತ್ತು. ನೋವು ವಾಪಸ್ ಬಂದರೆ ಗಾದಿ ಮೇಲೆ ಹೇಗೆ ಕೂರುವುದು? ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ದಿನಾ ರಾತ್ರಿ, ನೋವು ಹತ್ತಕ್ಕೆ ಎಷ್ಟು ಅಂತ ಒಂದು ಅಂಕೆ ಬರೆಯತೊಡಗಿದೆ. ಜಾಸ್ತಿ ಅಂಕೆ ಅಂದರೆ ಜಾಸ್ತಿ ನೋವು. ಮೊದಲ ವಾರ 3, 3, 4, 3. ಒಂದು ತಿಂಗಳಾದರೂ 3, 4. ದಸರೆ ವ್ಯಾಪಾರದಲ್ಲಿ ಎರಡು ದಿನ 6. ದೀಪಾವಳಿ ಕಳೆದ ಮೇಲೆ ಮತ್ತೆ 3. ನಾನು ಕಾಯುತ್ತಲೇ ಇದ್ದೆ, ಆ ಹಳೇ ನೋವು ಬರಲೇ ಇಲ್ಲ.

ಹಾಗಾದರೆ ಮೊದಲು ಕಡಿಮೆ ಮಾಡಿದ್ದು ಯಾವುದು? ಮಗಳು ಅಮೆರಿಕದ ಒಂದು ದೊಡ್ಡ ಪರೀಕ್ಷೆಯ ಬಗ್ಗೆ ಓದಿ ಹೇಳಿದಳು. ಅಲ್ಲಿನ ಸರ್ಕಾರವೇ ದುಡ್ಡು ಹಾಕಿ ನಡೆಸಿದ್ದು, 2006ರಲ್ಲಿ ಪ್ರಕಟವಾಗಿದೆ. ಮಂಡಿ ಸವೆತದ 1,583 ಜನಕ್ಕೆ 24 ವಾರ ಮಾತ್ರೆ. ಕೆಲವರಿಗೆ ಗ್ಲೂಕೋಸಮಿನ್, ಕೆಲವರಿಗೆ ಕಾಂಡ್ರಾಯ್ಟಿನ್, ಕೆಲವರಿಗೆ ಎರಡೂ, ಕೆಲವರಿಗೆ ನೋವಿನ ಔಷಧ, ಕೆಲವರಿಗೆ ಏನೂ ಇಲ್ಲದ ಖಾಲಿ ಮಾತ್ರೆ. ಖಾಲಿ ಮಾತ್ರೆ ನುಂಗಿದವರಲ್ಲೂ 100ಕ್ಕೆ 60 ಜನಕ್ಕೆ ನೋವು ಇಳಿದಿತ್ತು! ಎರಡೂ ಸೇರಿದ ಮಾತ್ರೆಯವರಲ್ಲಿ 67ರ ಹತ್ತಿರ. ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ಗಟ್ಟಿಯಲ್ಲ ಅಂತ ಪರೀಕ್ಷೆ ಮಾಡಿದವರೇ ಬರೆದಿದ್ದಾರೆ. ನೋವು ಜೋರಾಗಿದ್ದವರ ಒಂದು ಚಿಕ್ಕ ಗುಂಪಿಗೆ ಮಾತ್ರ ಎರಡೂ ಸೇರಿಸಿ ಕೊಟ್ಟಾಗ ಹೆಚ್ಚು ಗುಣ ಕಂಡಿತ್ತು, ಅದನ್ನು ಇನ್ನೂ ಖಾತ್ರಿ ಮಾಡಿಕೊಳ್ಳಬೇಕು ಅಂತಲೂ ಹೇಳಿದ್ದಾರೆ. 2019ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯವರು ಮಂಡಿ ಸವೆತಕ್ಕೆ ಇವೆರಡೂ ಬೇಡ ಅಂತ ಖಡಾಖಂಡಿತ ಬರೆದರು. ಬೇಕು ಅಂದಿದ್ದು ವ್ಯಾಯಾಮ, ತೂಕ ಇಳಿಸುವುದು, ಹಚ್ಚುವ ಜೆಲ್. ನಮ್ಮ ಡಾಕ್ಟರ ಚೀಟಿಯ ಮೊದಲ ಮೂರು ಸಾಲು.

ಕೂತು ಹಿಂದಿನದ್ದೆಲ್ಲ ನೆನಪು ಮಾಡಿಕೊಂಡೆ. ಮಾತ್ರೆ ಶುರು ಮಾಡಿದ್ದು ನೋವು ತುತ್ತತುದಿಗೆ ಹೋದಾಗ. ಅಷ್ಟೊತ್ತಿಗೆ ಜವಳಿ ಸೀಸನ್ ಮುಗಿದು ಆಷಾಢ ಬಂತು. ಅಂಗಡಿ ಖಾಲಿ, ಎದ್ದು ಕೂರುವುದೇ ಕಡಿಮೆ. ಸವೆತದ ನೋವು ಏರುತ್ತೆ, ಇಳಿಯುತ್ತೆ. ಇಳಿಯುವ ಹೊತ್ತಿಗೆ ನಾನು ಮಾತ್ರೆ ಹಿಡಿದಿದ್ದೆ ಅಷ್ಟೇ. ಅದೇ ತಿಂಗಳು ಹೆಂಡತಿಗೆ ಶುಗರ್ ಅಂತ ಗೊತ್ತಾಗಿ ಕುಂದವಾಡ ಕೆರೆಗೆ ವಾಕಿಂಗ್ ಶುರುವಾಯಿತು. ಅವಳನ್ನು ಒಬ್ಬಳೇ ಕಳಿಸಬಾರದು ಅಂತ ನಾನೂ ಹೋಗುತ್ತಿದ್ದೆ. ಅದನ್ನು ಅವಳ ಔಷಧ ಅಂದುಕೊಂಡಿದ್ದೆ, ನನ್ನದು ಅಂತ ಹೊಳೆದಿರಲೇ ಇಲ್ಲ. ಸಂಜೆ ಅಂಗಡಿಗೆ ಬರುವ ಮಂಡಕ್ಕಿ ಮಿರ್ಚಿಯಲ್ಲಿ ಮಿರ್ಚಿ ಬಿಟ್ಟೆ, ಬೆಣ್ಣೆ ದೋಸೆ ಭಾನುವಾರಕ್ಕೆ ಮಾತ್ರ ಇಟ್ಟುಕೊಂಡೆ. 81 ಕಿಲೋ ಇದ್ದವನು 76ಕ್ಕೆ ಬಂದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ನಾಲ್ಕು ಕಿಲೋ ಭಾರ ಕಡಿಮೆಯಂತೆ. ಐದು ಕಿಲೋಗೆ ಇಪ್ಪತ್ತಾಯಿತು.

ಇವೆಲ್ಲಕ್ಕಿಂತ ನನಗೆ ಇಷ್ಟವಾಗಿರುವುದು ಟವೆಲ್ ವ್ಯಾಯಾಮ. ಫಿಸಿಯೋಥೆರಪಿ ಹುಡುಗಿಯೊಬ್ಬಳು ಹೇಳಿಕೊಟ್ಟಿದ್ದು. ಕಾಲು ನೀಡಿ ಕೂತು, ಸುತ್ತಿದ ಟವೆಲ್ ಮಂಡಿ ಕೆಳಗಿಟ್ಟು, ತೊಡೆ ಬಿಗಿ ಮಾಡಿ ಟವೆಲನ್ನು ನೆಲಕ್ಕೆ ಒತ್ತಬೇಕು. ಐದು ಸೆಕೆಂಡು ಹಿಡಿದು ಬಿಡಬೇಕು. ಸೆಕೆಂಡು ಎಣಿಸಲು ಬರುವುದಿಲ್ಲ ನನಗೆ, ತಪ್ಪಿ ಹೋಗುತ್ತೆ. ಮನಸ್ಸಿನಲ್ಲೇ ಎರಡು ಸಲ ಓಂ ನಮಃ ಶಿವಾಯ ಅಂದರೆ ಸರಿಯಾಗುತ್ತದೆ. ಹೀಗೆ ಹತ್ತು, ಆಮೇಲೆ ಕಾಲು ನೆಟ್ಟಗೆ ಎತ್ತಿ ಇಳಿಸುವುದು ಹತ್ತು. ಪೂಜೆ ಮುಗಿಸಿ ಅದೇ ಮಣೆ ಪಕ್ಕ ಮಾಡುತ್ತೇನೆ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರ ಅದು ಹೊರುತ್ತದೆ. ಮೊದಲು ಮೆತ್ತಗಿದ್ದ ತೊಡೆ ಈಗ ಮುಟ್ಟಿದರೆ ಗಟ್ಟಿ ಅನ್ನಿಸುತ್ತದೆ.

ಅಂಗಡಿ ಮಾಲೀಕರಿಗೂ ಹೇಳಿದೆ. ಮಾರನೇ ದಿನವೇ ಗಾದಿ ಅಂಚಿಗೆ ಒಂದು ಮರದ ಸ್ಟೂಲ್ ಬಂತು. ಜವಳಿಗೆ ಬಂದ ಅಜ್ಜಿಯೊಬ್ಬರು ಅದನ್ನು ನೋಡಿ "ನಂಗೂ ಒಂದ್ ಕೊಡ್ರಪ್ಪಾ" ಅಂದರು. ಈಗ ಗಿರಾಕಿಗಳಿಗೂ ಎರಡು ಇವೆ.

ಹೋದ ವರ್ಷದ ಬೇಸಿಗೆ ಜವಳಿ ಮಾತ್ರೆ ಇದ್ದಾಗ, ಈ ವರ್ಷದ್ದು ಮಾತ್ರೆ ಇಲ್ಲದೆ. ಎರಡೂ ಸಲ ಮೂರು ಮೂರು ಟ್ಯೂಬ್ ಜೆಲ್ ಮುಗಿದವು. ನನ್ನ ಮಂಡಿಯ ಮಟ್ಟಿಗೆ ನನಗೆ ಇಷ್ಟು ಸಾಕು.

ನಾನು ಹೆಸರು ಬರೆದುಕೊಟ್ಟ ಆರೂ ಜನರ ಹತ್ತಿರ ಹೋಗಿ ವಿಷಯ ಹೇಳಿದೆ. ಅದರಲ್ಲಿ ಒಬ್ಬರಿಗೆ ಹೃದಯದ ವಾಲ್ವ್ ಆಪರೇಶನ್ ಆಗಿ ರಕ್ತ ತೆಳುವಾಗಿಸುವ ವಾರ್ಫರಿನ್ ನಡೀತಿತ್ತು. ಗ್ಲೂಕೋಸಮಿನ್ ಸೇರಿದರೆ ಅದರ ಪರಿಣಾಮ ಹೆಚ್ಚಾಗಿ ರಕ್ತಸ್ರಾವ ಆಗಬಹುದು ಅಂತ ಗೊತ್ತಾದಾಗ ನನ್ನ ಕೈ ನಡುಗಿತು. ಪುಣ್ಯಕ್ಕೆ ಅವರು ಕೊಂಡಿರಲಿಲ್ಲ. ಓಣಿಯ ಹೆಣ್ಣುಮಗಳೊಬ್ಬಳಿಗೆ ಇರುವುದು ರುಮಟಾಯ್ಡ್, ಬೆರಳ ಗೆಣ್ಣೆಲ್ಲ ಊದುತ್ತವೆ. ಅದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿಗೆ ತಿರುಗಿ ಬೀಳುವ ರೋಗ. ಅದಕ್ಕೆ ಡಾಕ್ಟರು ಕೊಟ್ಟ ಔಷಧವೇ ಬೇಕು. ತಡ ಮಾಡಿದರೆ ಕೀಲು ಸೊಟ್ಟಗಾಗುತ್ತದೆ. ಅವಳು ಆ ಔಷಧ ಬಿಟ್ಟು ಇದನ್ನು ತಿನ್ನಲು ಹೊರಟಿದ್ದಳು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ನನ್ನಂಥವರ ಮಾತು ಕೇಳಿ ಸುಮ್ನೆ ಕೊಳ್ಳಬೇಡಿ.

ತಗೊಂಡೇ ನೋಡುತ್ತೇನೆ ಅನ್ನುವವರು ಡಾಕ್ಟರನ್ನು ಕೇಳಿ, ಡಬ್ಬಿ ಕೈಗೆ ತಗೊಂಡು ಓದಿ, ಮೊದಲ ದಿನದಿಂದಲೇ ಅಂಕೆ ಬರೆಯಿರಿ. ಮೂರು ತಿಂಗಳಿಗೆ ಬದಲಾವಣೆ ಕಾಣದಿದ್ದರೆ ಬಿಡಿ. 20,000 ರೂಪಾಯಿ ಹೋಯಿತು ನನ್ನದು, ಮಗಳ ಒಂದು ವರ್ಷದ ಪುಸ್ತಕ, ಬಸ್ಸು ಎಲ್ಲ ಅದರಲ್ಲಿ ಆಗುತ್ತಿತ್ತು.

ಐದಕ್ಕೆ ಒಂದು ಕೊಡುತ್ತೇನೆ. ಆ ಕೆಟ್ಟ ಬೇಸಿಗೆಯಲ್ಲಿ ಗುಣವಾಗುತ್ತೆ ಅನ್ನುವ ಧೈರ್ಯ ಕೊಟ್ಟಿದ್ದಕ್ಕೆ ಆ ಒಂದು.

ಈಗೀಗ ಎಡ ಮಂಡಿಯೂ ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತಿದೆ. ಹೋದ ಸೋಮವಾರದಿಂದ ಟವೆಲ್ ಎರಡೂ ಕಾಲಿಗೆ.