ಕರೆಂಟು ಹೋಗಿ ಬಂದರೆ ಎಲ್ಲವನ್ನೂ ಮರೆಯುತ್ತಿದ್ದ ಕ್ಯಾಮೆರಾ: ಬೇಳೆ ಮಿಲ್ಲಿನಲ್ಲಿ ಹದಿನಾಲ್ಕು ತಿಂಗಳು

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಬೇಳೆ ಮಿಲ್ಲಿನ ಪ್ಯಾಕಿಂಗ್ ಸಾಲಿಗೆ ಹದಿನಾಲ್ಕು ತಿಂಗಳ ಹಿಂದೆ ಒಂದು ಗಿಗ್‌ಇ ಕ್ಯಾಮೆರಾವನ್ನೂ (ನೆಟ್‌ವರ್ಕ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಚಿತ್ರ ಕಳಿಸುವ ಕೈಗಾರಿಕಾ ಕ್ಯಾಮೆರಾ) ಅಕ್ಷರ ಓದುವ ತಂತ್ರಾಂಶವನ್ನೂ ಕೂಡಿಸಿದೆ. ಒಂದು ಕಿಲೋ ತೊಗರಿ ಬೇಳೆಯ ಪ್ರತಿ ಪ್ಯಾಕೆಟ್ಟಿನ ಮೇಲೆ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ ಮತ್ತು ಬ್ಯಾಚ್ ಸಂಖ್ಯೆ ಸರಿಯಾಗಿ ಅಚ್ಚಾಗಿವೆಯೇ ಎಂದು ನೋಡಿ, ತಪ್ಪಿದ್ದರೆ ಪಕ್ಕಕ್ಕೆ ತಳ್ಳಿಸುವುದು ಅದರ ಕೆಲಸ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕ ಮೇಲೆ, ಅಕ್ಷರ ಮಸುಕಾದ ಪ್ಯಾಕೆಟ್ಟು ನಮ್ಮ ಊರಿನ ಹೆಸರು ಹೊತ್ತು ಅಂಗಡಿಗೆ ಹೋಗುವುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು.

ಜೋಡಣೆಯಲ್ಲಿ ಹೆಚ್ಚು ಸಮಯ ಹಿಡಿದದ್ದು ಬೆಳಕು. ನಮ್ಮ ಬೆಲ್ಟು ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. ಎಕ್ಸ್‌ಪೋಷರ್, ಅಂದರೆ ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹೀರುವ ಸಮಯ, 10 ಮಿಲಿಸೆಕೆಂಡ್ ಇಟ್ಟರೆ ಅಷ್ಟರಲ್ಲಿ ಪ್ಯಾಕೆಟ್ಟು 5 ಮಿಲಿಮೀಟರ್ ಸರಿದು, ಅಕ್ಷರಗಳೆಲ್ಲ ಒಂದರ ಮೇಲೊಂದು ಉಜ್ಜಿದಂತೆ ಕಾಣುತ್ತವೆ. ಅದನ್ನು 200 ಮೈಕ್ರೊಸೆಕೆಂಡಿಗೆ ಇಳಿಸಿದಾಗ ಮಸುಕು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು, ಆದರೆ ಚಿತ್ರ ಕತ್ತಲಾಯಿತು. ಅದರ ಮೇಲೆ ಶೆಡ್ಡಿನ ದೀಪಗಳು 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ, ಒಂದು ಚಿತ್ರ ಬೆಳ್ಳಗೆ ಬಂದರೆ ಮುಂದಿನದು ಮಂಕಾಗಿ ಬರುತ್ತಿತ್ತು. ಕೊನೆಗೆ ಡಿಸಿ ವಿದ್ಯುತ್ತಿನಿಂದ ಮಿನುಗದೆ ಉರಿಯುವ ಎರಡು ಎಲ್‌ಇಡಿ ಪಟ್ಟಿಗಳನ್ನು ಓರೆಯಾಗಿ ಕೂರಿಸಿ, ಸುತ್ತಲೂ ಕಪ್ಪು ತಗಡಿನ ಗೂಡು ಕಟ್ಟಿಸಿದ ಮೇಲೆ ಪ್ಲಾಸ್ಟಿಕ್ಕಿನ ಹೊಳಪೂ ಅಡಗಿತು, ಮಧ್ಯಾಹ್ನ ಬಾಗಿಲಿನಿಂದ ನುಗ್ಗುವ ಬಿಸಿಲಿನ ಕಾಟವೂ ತಪ್ಪಿತು.

ಅಂದಿನಿಂದ ಬೆಳಿಗ್ಗೆ ಮಿಲ್ಲು ಶುರುವಾಗುವ ಮೊದಲ ಹತ್ತು ನಿಮಿಷ ಈ ಗೂಡಿಗೇ ಮೀಸಲು. ಬೇಳೆ ಮಿಲ್ಲಿನ ಹೊಟ್ಟಿನ ಧೂಳು ಎಷ್ಟು ನುಣುಪೆಂದರೆ, ರಾತ್ರಿ ಮುಚ್ಚಿಟ್ಟಿದ್ದರೂ ಲೆನ್ಸಿನ ಮುಂದಿನ ಗಾಜಿನ ಮೇಲೆ ತೆಳ್ಳಗೆ ಹಳದಿ ಪದರ ಕೂತಿರುತ್ತದೆ. ರಬ್ಬರ್ ಉಂಡೆಯಿಂದ ಗಾಳಿ ಊದಿ ಅದನ್ನು ಹಾರಿಸುತ್ತೇನೆ. ಬಟ್ಟೆಯಿಂದ ಒರೆಸಿದರೆ ಗಾಜು ಗೀಚುತ್ತದೆ. ಆಮೇಲೆ ಡ್ರಾಯರಿನಲ್ಲಿ ಜೋಪಾನವಾಗಿಟ್ಟ ಐದು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಬೆಲ್ಟಿನ ಮೇಲೆ ಬಿಡುತ್ತೇನೆ: ಒಂದು ಸರಿಯಾದದ್ದು, ಒಂದರಲ್ಲಿ ತಿಂಗಳಿಲ್ಲ, ಒಂದರಲ್ಲಿ ಬೆಲೆ ಅರ್ಧ ಅಳಿಸಿದೆ, ಒಂದರಲ್ಲಿ ಅಚ್ಚು ವಾರೆಯಾಗಿದೆ, ಇನ್ನೊಂದು ಪೂರ್ತಿ ಖಾಲಿ. ನಾಲ್ಕು ಪಕ್ಕಕ್ಕೆ ಬಿದ್ದು ಒಂದು ಮಾತ್ರ ಮುಂದೆ ಹೋದಾಗ ನನ್ನ ದಿನ ಶುರುವಾಗುತ್ತದೆ.

ಇಷ್ಟೆಲ್ಲ ಚೆನ್ನಾಗಿದ್ದ ಈ ವ್ಯವಸ್ಥೆಯ ಮೇಲೆ ಮೊದಲ ಬೇಸಿಗೆಯಲ್ಲಿ ನನಗೆ ನಂಬಿಕೆಯೇ ಹೋಗಿತ್ತು. ಕರೆಂಟು ಎರಡು ನಿಮಿಷ ಹೋಗಿ ಬಂದರೂ ಸಾಕು, ಕ್ಯಾಮೆರಾ ಒಳ್ಳೆಯ ಪ್ಯಾಕೆಟ್ಟುಗಳನ್ನೂ ಬಿಡದೆ ಎಲ್ಲವನ್ನೂ ತಳ್ಳಿಸತೊಡಗುತ್ತಿತ್ತು. ಪರದೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು, ಸಂಪರ್ಕವೂ ಸರಿಯಿತ್ತು, ಆದರೆ ಚಿತ್ರಗಳು ಮಾತ್ರ ಮಸುಕು. ಒಂದು ದಿನ ಲಾರಿ ಬಾಗಿಲಲ್ಲಿ ಕಾಯುತ್ತಿರುವಾಗ ಮುನ್ನೂರಕ್ಕೂ ಹೆಚ್ಚು ಪ್ಯಾಕೆಟ್ಟುಗಳನ್ನು ಹಮಾಲರು ಕೈಯಿಂದ ಆರಿಸಿ ತುಂಬಬೇಕಾಯಿತು. ಮಾರಿದವರಿಗೆ ಫೋನು ಮಾಡಿದರೆ ತಂತ್ರಾಂಶವನ್ನು ಮುಚ್ಚಿ ತೆರೆಯಿರಿ ಎಂದರು. ಹಾಗೆ ಮಾಡಿದಾಗ ಸರಿಹೋಗುತ್ತಿತ್ತು ನಿಜ, ಏಕೆ ಸರಿಹೋಗುತ್ತದೆ ಎಂದು ಮಾತ್ರ ಅವರು ಹೇಳಲಿಲ್ಲ.

ಕಾರಣ ಗೊತ್ತಾದದ್ದು ಕೈಪಿಡಿಯನ್ನು ಪುಟ ಪುಟವಾಗಿ ಓದಿದ ಮೇಲೆ. ತಂತ್ರಾಂಶದಲ್ಲಿ ‘ಸೇವ್’ ಒತ್ತಿದರೆ ಎಕ್ಸ್‌ಪೋಷರ್, ಟ್ರಿಗರ್ (ಪ್ಯಾಕೆಟ್ಟು ಬಂದಾಗ ಮಾತ್ರ ಚಿತ್ರ ತೆಗೆ ಎನ್ನುವ ಸಂಕೇತ) ಮುಂತಾದ ಸೆಟ್ಟಿಂಗುಗಳು ಕಂಪ್ಯೂಟರಿನ ಕಡತದಲ್ಲಿ ಉಳಿಯುತ್ತವೆಯೇ ಹೊರತು ಕ್ಯಾಮೆರಾದೊಳಗೆ ಅಲ್ಲ. ಆ ಕಡತವನ್ನು ತೆರೆದಾಗ ಮಾತ್ರ ಅವು ಕ್ಯಾಮೆರಾಗೆ ಹೋಗುತ್ತವೆ. ನಮ್ಮಲ್ಲಿ ಕಂಪ್ಯೂಟರ್ ಯುಪಿಎಸ್ ಮೇಲಿತ್ತು. ಕ್ಯಾಮೆರಾಗೆ ವಿದ್ಯುತ್ತು ಕೊಡುವ ನೆಟ್‌ವರ್ಕ್ ಸ್ವಿಚ್ಚು ಯುಪಿಎಸ್ ಮೇಲೆ ಇರಲಿಲ್ಲ. ಕರೆಂಟು ಹೋದಾಗ ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತಿತ್ತು, ಕ್ಯಾಮೆರಾ ಒಂದೇ ಆರಿ ಮತ್ತೆ ಹೊತ್ತಿ ಕಾರ್ಖಾನೆಯ ಮೂಲ ಸೆಟ್ಟಿಂಗಿಗೆ ಮರಳುತ್ತಿತ್ತು. ಎಕ್ಸ್‌ಪೋಷರ್ 10 ಮಿಲಿಸೆಕೆಂಡಿಗೆ ಏರಿ, ಟ್ರಿಗರ್ ನಿಂತುಹೋಗಿ, ಪ್ಯಾಕೆಟ್ಟು ಬರಲಿ ಬಿಡಲಿ ಒಂದೇ ಸಮನೆ ಚಿತ್ರ ತೆಗೆಯುತ್ತಿತ್ತು.

ಪರಿಹಾರಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಕ್ಯಾಮೆರಾದ ಒಳಸ್ಮೃತಿಯಲ್ಲಿ ‘ಯೂಸರ್ ಸೆಟ್ 1’ ಎಂಬ ಜಾಗಕ್ಕೆ ಸೆಟ್ಟಿಂಗುಗಳನ್ನು ಉಳಿಸಿ, ‘ಯೂಸರ್ ಸೆಟ್ ಡೀಫಾಲ್ಟ್’ ಎಂಬಲ್ಲಿ ಅದನ್ನೇ ಆರಿಸಿದೆ. ಎರಡನೆಯ ಹೆಜ್ಜೆ ಬಿಟ್ಟರೆ ಮೊದಲನೆಯದು ವ್ಯರ್ಥ, ಏಕೆಂದರೆ ಉಳಿಸಿದ್ದು ಒಳಗಿದ್ದರೂ ಕ್ಯಾಮೆರಾ ಹೊತ್ತಿಕೊಳ್ಳುವಾಗ ಕಾರ್ಖಾನೆಯದನ್ನೇ ಎತ್ತಿಕೊಳ್ಳುತ್ತದೆ. ಸ್ವಿಚ್ಚನ್ನೂ ಯುಪಿಎಸ್‌ಗೆ ಸೇರಿಸಿದೆ. ಆಮೇಲೆ ಒಂದು ಮಳೆಗಾಲ ಮತ್ತು ಒಂದು ತೊಗರಿ ಸುಗ್ಗಿ ಕಳೆದಿವೆ. ಆ ತೊಂದರೆ ಮರಳಿಲ್ಲ, ಕ್ಯಾಮೆರಾದ ಮೇಲೆ ನನಗೆ ಈಗ ಯಾವ ದೂರೂ ಇಲ್ಲ.

ದೂರು ಉಳಿದಿರುವುದು ತಂತ್ರಾಂಶದ ಮೇಲೆ. ಕಳೆದುಹೋದ ಸಂಪರ್ಕ ಮರಳಿದ ಕೂಡಲೇ ಕ್ಯಾಮೆರಾದಲ್ಲಿರುವ ಎಕ್ಸ್‌ಪೋಷರ್ ಅನ್ನು ತನ್ನ ಕಡತದೊಂದಿಗೆ ಹೋಲಿಸಿ, ಬೇರೆಯಿದ್ದರೆ ಬೆಲ್ಟನ್ನು ನಿಲ್ಲಿಸುವುದು ಅದಕ್ಕೆ ಕಷ್ಟವೇನಲ್ಲ. ಬೆಳಕು, ಗೂಡು ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ ಖರ್ಚು ಮಾಡಿದ ಸಣ್ಣ ಮಿಲ್ಲಿನವನು ಇಷ್ಟನ್ನು ನಿರೀಕ್ಷಿಸುವುದು ನ್ಯಾಯ. ಅಕ್ಷರ ಓದುವುದರಲ್ಲಿ ಅದು ಚೆನ್ನಾಗಿಯೇ ಇದೆ, ಆದ್ದರಿಂದ ಬದಲಿಸುವ ಯೋಚನೆ ಇಲ್ಲ. ನಮ್ಮ ಭಾಗದ ಮಿಲ್ಲಿನವರು ಇಂಥದ್ದನ್ನು ಕೊಳ್ಳುವಾಗ, ಕೊನೆಯ ಕಂತಿನ ಹಣ ಕೊಡುವ ಮೊದಲು ಬೆಲ್ಟು ಓಡುತ್ತಿರುವಾಗಲೇ ಕ್ಯಾಮೆರಾದ ವಿದ್ಯುತ್ತು ತೆಗೆಸಿ ಮತ್ತೆ ಹಾಕಿಸಿ, ಮುಂದಿನ ಹತ್ತು ಪ್ಯಾಕೆಟ್ಟುಗಳನ್ನು ನಿಂತು ನೋಡಿ.