ಗೋವಿನಜೋಳದ ಕೂಳೆಗೆ ಡಿಸ್ಕ್ ಹ್ಯಾರೋ: ಕೆಲವು ಹಂಗಾಮು ಬಳಸಿದ ಮೇಲೆ

ಡಿಸ್ಕ್ ಹ್ಯಾರೋ, ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವ ತಟ್ಟೆಗಳ ಸಾಲು, ಕೊಳ್ಳುವವರು ಮೊದಲು ಬೇರಿಂಗ್ ನೋಡಿ. ತಟ್ಟೆಯ ದಪ್ಪ, ಬಣ್ಣ, ತೂಕ ಎಲ್ಲ ಆಮೇಲೆ.

ನಮ್ಮದು ಹಾವೇರಿ ಕಡೆಯ ಎರೆ ಹೊಲ. ಮುಂಗಾರಿಗೆ ಗೋವಿನಜೋಳ, ತೆನೆ ಮುರಿದ ಕೂಡಲೇ ಕಡಲೆ. ನೀರಾವರಿ ಇಲ್ಲ. ಭೂಮಿಯಲ್ಲಿ ಉಳಿದ ಹಸಿಯ ಮೇಲೆಯೇ ಕಡಲೆ ಏಳಬೇಕು. ಹಾಗಾಗಿ ಕೂಳೆಯ ಕೆಲಸ ಬೇಗ ಮುಗಿಯಬೇಕು, ಮೇಲ್ಪದರದಲ್ಲೇ ಮುಗಿಯಬೇಕು. ಮೂರ್ನಾಲ್ಕು ಇಂಚಿಗಿಂತ ಕೆಳಗೆ ಕೆದಕಿದರೆ ಹಸಿ ಮಣ್ಣು ಮೇಲೆ ಬಂದು ಒಣಗಿಹೋಗುತ್ತದೆ.

ಊರಲ್ಲಿ ಹೆಚ್ಚಿನವರು ರೋಟವೇಟರ್ (ತಿರುಗುವ ಅಲಗುಗಳ ಯಂತ್ರ) ಹೊಡೆಸುತ್ತಾರೆ. ನಾನೂ ಬಾಡಿಗೆಗೆ ಹೊಡೆಸುತ್ತಿದ್ದೆ. ಹೊಲ ನೋಡಲು ಚೆಂದ, ಆದರೆ ಮಣ್ಣು ಹಿಟ್ಟಾಗುತ್ತದೆ. ಅದರ ಮೇಲೆ ಒಂದು ಜೋರು ಮಳೆ ಬಿದ್ದರೆ ಮೇಲ್ಪದರ ಬಿಗಿದು ಮೊಳಕೆ ತಲೆ ಎತ್ತುವುದಿಲ್ಲ. ವರ್ಷವೂ ಅದೇ ಆಳಕ್ಕೆ ಹೊಡೆದರೆ ಅಲಗಿನ ಕೆಳಗೆ ಗಟ್ಟಿ ಪದರ ಕೂರುತ್ತದೆ. ಕೊಳ್ಳೋಣವೆಂದರೆ ಬೆಲೆ ಲಕ್ಷ ದಾಟುತ್ತದೆ. ಮನೆಯಲ್ಲಿದ್ದ ಒಂಬತ್ತು ಹಲ್ಲಿನ ಕಲ್ಟಿವೇಟರ್ ಕೂಳೆ ಕತ್ತರಿಸುವುದಿಲ್ಲ. ಬುಡ ಕಿತ್ತು, ಹಲ್ಲುಗಳ ನಡುವೆ ಗುಪ್ಪೆ ಕಟ್ಟಿಕೊಂಡು ಹೊಲದ ತುದಿವರೆಗೆ ಎಳೆಯುತ್ತದೆ. ಕುಂಟೆ ಬಿಳಿಜೋಳದ ಹೊಲಕ್ಕೆ ಬಂಗಾರ, ಗೋವಿನಜೋಳದ ದಪ್ಪ ಬುಡಕ್ಕೆ ಸಾಲದು.

ಕೊನೆಗೆ ಹದಿನಾಲ್ಕು ತಟ್ಟೆಯ ಹ್ಯಾರೋ ತಂದೆ. ಮುಂದಿನ ಸಾಲು ಅಂಚಿನಲ್ಲಿ ಕಚ್ಚು ಇರುವ ತಟ್ಟೆ, ಹಿಂದಿನದು ಸಾದಾ.

ಬೆಳಿಗ್ಗೆ ಚಹಾ ಆದ ಮೇಲೆ ನನ್ನ ಮೊದಲ ಕೆಲಸ ಗ್ರೀಸ್ ಗನ್ ಹಿಡಿಯುವುದು. ನಿಪ್ಪಲ್ ಮೇಲಿನ ಮಣ್ಣು ಬಟ್ಟೆಯಿಂದ ಒರೆಸಿ, ಬೇರಿಂಗಿನ ಸೀಲಿನ ಅಂಚಿನಿಂದ ಹಳೆಯ ಕಪ್ಪು ಗ್ರೀಸ್ ಹೊರಬರುವವರೆಗೆ ನಿಧಾನಕ್ಕೆ ಒತ್ತುತ್ತೇನೆ. ಆಮೇಲೆ ತಟ್ಟೆ ಪೋಣಿಸಿದ ಉದ್ದ ಬೋಲ್ಟಿನ ನಟ್ ದೊಡ್ಡ ಪಾನಾದಿಂದ ಬಿಗಿಮಾಡುತ್ತೇನೆ. ಅದು ಸಡಿಲಾದರೆ ತಟ್ಟೆಗಳು ಅಲುಗಿ ನಡುವಿನ ಚೌಕ ತೂತು ಗುಂಡಗಾಗುತ್ತದೆ. ಹೊಲಕ್ಕಿಳಿದು ನಾಲ್ಕು ಮಾರು ಹೋಗಿ ನಿಲ್ಲಿಸಿ ನೋಡಬೇಕು: ಮುಂದಿನ ಸಾಲೇ ಹೆಚ್ಚು ಆಳ ಕಚ್ಚುತ್ತಿದ್ದರೆ ಟಾಪ್ ಲಿಂಕ್ (ಟ್ರ್ಯಾಕ್ಟರಿಗೆ ಜೋಡಿಸುವ ಮೇಲಿನ ಸರಳು) ಸ್ವಲ್ಪ ಉದ್ದ ಮಾಡಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಬೇರಿಂಗ್ ಹೋಯಿತು. ಒಣಗಿದ ರವದಿ, ಬದುವಿನ ಹಂಬು ಅಚ್ಚಿಗೆ ಸುತ್ತಿಕೊಂಡು, ನಾರು ಸೀಲಿನೊಳಗೆ ನುಗ್ಗಿ ಅದನ್ನು ಕೊರೆದುಬಿಟ್ಟಿತ್ತು. ಮಾರುವಾಗ "ಸರ್, ಇದಕ್ಕೆ ಏನೂ ನೋಡೋದು ಬೇಕಾಗಿಲ್ಲ" ಎಂದಿದ್ದ ಅಂಗಡಿಯವರ ಬಳಿ ಬಿತ್ತನೆ ಕಾಲದಲ್ಲೇ ಬೇರಿಂಗ್ ಇರಲಿಲ್ಲ. "ಮುಂದಿನ ವಾರ ಬರತ್ತೆ" ಅಂದರು. ಹೊಲದ ಹಸಿ ಮುಂದಿನ ವಾರದವರೆಗೆ ಕಾಯುತ್ತದೆಯೇ? ಆ ಸಿಟ್ಟು ಇನ್ನೂ ಇಳಿದಿಲ್ಲ. ಸಾಮಾನ್ಯ ಬೇರಿಂಗ್ ಅಂಗಡಿಯಲ್ಲಿ ಸಿಗುವ ನಂಬರಿನದೇ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ, ಸೀಲಿಗೆ ನಾರು ತಾಗದಂತೆ ಕವಚ ಇರುವುದನ್ನೇ ಆರಿಸಿ. ಈಗ ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಕುಡುಗೋಲಿನಿಂದ ಅಚ್ಚಿನ ನಾರು ಕೊಯ್ದು ತೆಗೆಯುತ್ತೇನೆ.

ಇನ್ನೊಂದು ಮಿತಿ: ಎರೆ ಮಣ್ಣು ಹದಕ್ಕೆ ಬರುವ ಮೊದಲು ಇಳಿಸಿದರೆ ತಟ್ಟೆಗಳ ನಡುವೆ ಮೆತ್ತಿಕೊಂಡು ಇಡೀ ಹ್ಯಾರೋ ರೋಲರ್ ಆಗುತ್ತದೆ.

ಆದರೂ ಮಾರುವ ಮನಸ್ಸಿಲ್ಲ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹೊಡೆದರೆ ಕೂಳೆ ತುಂಡಾಗಿ ಅರ್ಧ ಮಣ್ಣಲ್ಲಿ, ಅರ್ಧ ಮೇಲೆ ಉಳಿಯುತ್ತದೆ. ಆ ಮೇಲಿನ ಹೊದಿಕೆ ಸರಿಸಿ ಬೆರಳು ಊರಿದರೆ ಎರಡು ಇಂಚಿನ ಕೆಳಗೆ ಮಣ್ಣು ಇನ್ನೂ ತಣ್ಣಗೆ, ಹಿಡಿದರೆ ಉಂಡೆ ಕಟ್ಟುವಂತೆ ಇರುತ್ತದೆ. ಬೆಂಕಿ ಹಚ್ಚುವುದನ್ನು ಬಿಟ್ಟೇಬಿಟ್ಟಿದ್ದೇವೆ. ನಾನು ಎಣಿಸದೇ ಇದ್ದ ಲಾಭ ಇನ್ನೊಂದು. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಂಡ, ಗೋವಿನಜೋಳ ತಿನ್ನುವ ಫಾಲ್ ಸೈನಿಕ ಹುಳು ಕೋಶವಾಗುವುದು ಮೇಲಿನ ಎರಡು-ಮೂರು ಇಂಚು ಮಣ್ಣಿನಲ್ಲೇ. ಹ್ಯಾರೋ ಅದನ್ನು ಬಿಸಿಲಿಗೆ ಹಾಕುತ್ತದೆ, ಹಿಂದೆಯೇ ಬೆಳ್ಳಕ್ಕಿಗಳ ಹಿಂಡು ಬರುತ್ತದೆ.

ಕೂಳೆಯ ಮೇಲೆ ಮತ್ತೆ ಗೋವಿನಜೋಳವನ್ನೇ ಬಿತ್ತುವವರು ಸ್ವಲ್ಪ ಯೂರಿಯಾ ಹೆಚ್ಚು ಕೊಡಬೇಕು. ಒಣ ದಂಟು ಕೊಳೆಯುವಾಗ ಮಣ್ಣಿನ ಸಾರಜನಕ ಹೀರಿ ಎಳೆ ಪೈರು ಹಳದಿಯಾಗುತ್ತದೆ. ಎರಡೆಕರೆ, ಮೂರೆಕರೆ ಇರುವವರು ಕೊಳ್ಳಬೇಡಿ, ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ನನ್ನಂತೆ ಅಣ್ಣತಮ್ಮಂದಿರ ಹೊಲವನ್ನೂ ಸೇರಿಸಿ ಮಾಡುವವರಾದರೆ ಕೊಳ್ಳಿ, ಜೊತೆಗೆ ಒಂದು ಜೋಡಿ ಬೇರಿಂಗ್ ಅದೇ ದಿನ ತಂದಿಡಿ.